ಏಳನೆಯ ಸಾಲು

ಬೇರನ್ನು ಮೊದಲು ಕ್ಷಾರದಲ್ಲಿ ಬೇಯಿಸಬೇಕು,
ಕಂದು ಬಣ್ಣವೆಲ್ಲ ಇಳಿದು
ನೆನೆಸಿಟ್ಟ ಶಾವಿಗೆಯಂತೆ ಬಿಳುಚುವವರೆಗೆ.
ಆಮೇಲೆ ಮೂರು ನೀರಲ್ಲಿ ಜಾಲಿಸಿ
ವಿನೆಗರಿನಲ್ಲಿ ಕದಡಿದ ಶಾಯಿಗೆ ಬಿಡಬೇಕು.
ಅಲಾಡಾದ ಸಂತೆಬೀದಿಯಲ್ಲಿ ಸಿಗುವ,
ಶಾಲೆಮಕ್ಕಳು ಬೆರಳಿಗೆಲ್ಲ ಮೆತ್ತಿಕೊಳ್ಳುವ ಅದೇ ನೀಲಿ ಶಾಯಿ.
ಬೇರು ಒಲ್ಲೆನ್ನುತ್ತದೆ.
ಅದರೊಳಗೆ ವಾಸವಿರುವವರು ಕುಡಿಯುತ್ತಾರೆ.

ಒಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ, ಎಣಿಸುವುದು.
ಗಾಜಿನ ಮೇಲೆ ಗೀಟು, ಗೀಟಿನ ಮೇಲೆ ಬೇರು,
ದಾಟಿದಲ್ಲೆಲ್ಲ ನಿಂತು ಕೇಳುವುದು:
ಮನೆಯಲ್ಲಿ ಯಾರಾದರೂ ಇದ್ದೀರಾ?
ಇದ್ದರೆ, ಕೋಶಕೋಶದೊಳಗೂ ಒಂದು ಮರ,
ಕವಲೊಡೆದು, ಕವಲಿನ ಕವಲೂ ಒಡೆದು
ಎಲೆಯೇ ಇಲ್ಲದ ನೀಲಿ ಮರ.
ಶಿಲೀಂಧ್ರ ಎನ್ನುತ್ತದೆ ಪುಸ್ತಕ.
ಬೂಷ್ಟೇ? ಎನ್ನುತ್ತಾಳೆ ನನ್ನ ಅತ್ತೆ, ಮೂಗು ಮುರಿದು.
ಬೇರಿನ ಕೈಗೆ ಎಟುಕದ ಕಡೆ
ನೂಲಿಗಿಂತ ತೆಳ್ಳಗೆ ತೂರಿ
ಮಣ್ಣು ಬಿಗಿಹಿಡಿದ ರಂಜಕವನ್ನು ಚಿಟಿಕೆ ಚಿಟಿಕೆ ಬಿಡಿಸಿ ತಂದು
ಹಿತ್ತಲ ಬಾಗಿಲಲ್ಲಿ ಕೊಟ್ಟು
ಬಟ್ಟಲು ಸಕ್ಕರೆ ಇಸಕೊಂಡು ಹೋಗುವ ನೆರೆಯವರು.

ಹುವೇಫಾಳ ಹೊಲದಲ್ಲಿ ಎಂಟು ಸಾಲು ಅನಾನಸು.
ಸೋಡಾ ಬಾಟಲಿಯ ಮುಚ್ಚಳವೇ ನಮ್ಮ ಅಳತೆ:
ಕೆಲವಕ್ಕೆ ಏನೂ ಇಲ್ಲ, ಕೆಲವಕ್ಕೆ ಎರಡು,
ಮೂರನೆಯದಕ್ಕೂ ಏಳನೆಯದಕ್ಕೂ
ಗಿಡಕ್ಕೆ ಆರಾರು ಮುಚ್ಚಳ ಬೂದು ಕಾಳು.
ಹಾಕಿದ್ದೇನೆ ಎಂದಳು. ಮೊಮ್ಮಗ ಬರೆದುಕೊಂಡ.

ಮೂರನೆಯ ಸಾಲಿನ ಬೇರು ಬಂತು.
ನೂರು ದಾಟಿನಲ್ಲಿ ಒಂಬತ್ತು ನೀಲಿ.
ಮಿಕ್ಕದ್ದು ಖಾಲಿ ಕೋಣೆಗಳ ಉದ್ದನೆಯ ಓಣಿ.
ಹೊಟ್ಟೆ ತುಂಬಿದ ಬೇರು ಹಿತ್ತಲ ಅಗುಳಿ ತೆಗೆಯುವುದಿಲ್ಲ.
ಜಗಳವಿಲ್ಲ, ಬೈಗುಳವಿಲ್ಲ,
ಸಕ್ಕರೆ ಕೊಡುವುದನ್ನು ಬಿಡುತ್ತದೆ, ಅಷ್ಟೆ.
ಹಣ್ಣು? ಚೆನ್ನಾಗಿಯೇ ಇತ್ತು. ಸುಳ್ಳು ಹೇಳಲಾರೆ.

ಏಳನೆಯ ಸಾಲು: ಐವತ್ತೆಂಟು.
ಮತ್ತೆ ಎಣಿಸಿದೆ. ಐವತ್ತೇಳು.
ಚೀಟಿ ಅದಲುಬದಲು ಮಾಡಿದೆಯಾ ಎಂದು ಸೆಜ್ರೋನನ್ನು ಗದರಿದೆ.
ಪಾಪ, ಮೂರು ದಿನ ಮುಖ ಊದಿಸಿಕೊಂಡಿದ್ದ.

ಶನಿವಾರ ಜೆಮಿಜಾನ್ ಬೈಕಿನ ಹಿಂದೆ ಕೂತು
ರೆಪ್ಪೆಯವರೆಗೂ ಕೆಂಧೂಳಾಗಿ ಹೋದೆ.
ಅವಳು ಕೊಯ್ಲಿನಲ್ಲಿದ್ದಳು.
ಮಾಗಿದರೂ ಹಸಿರು ಬಿಡದ ಇಲ್ಲಿನ ತಳಿ,
ಬಣ್ಣ ನೋಡಿ ನಂಬಿದರೆ ಕೆಟ್ಟಂತೆ, ಬೆರಳಲ್ಲಿ ತಟ್ಟಬೇಕು.
ತಟ್ಟುತ್ತಲೇ ನನ್ನ ಮಾತು ಕೇಳಿದಳು. ಕತ್ತಿ ಕೆಳಗಿಟ್ಟಳು.

"ಹಾಕಿದ್ದು ಒಂದೇ ಮುಚ್ಚಳ. ಉಳಿದ ಐದು ಮೆಕ್ಕೆಜೋಳಕ್ಕೆ.
ನಿನ್ನ ಚೀಲ ಬಂದ ವಾರ
ಜೋಳದ ಎಲೆಯಂಚು ನೇರಳೆಗಟ್ಟಿ ನಿಂತಿತ್ತು.
ಅನಾನಸು ನಿನ್ನ ಲೆಕ್ಕ. ಜೋಳ ನನ್ನ ಗಂಜಿ.
ಕತ್ತಲಲ್ಲಿ ಹಾಕಿದ್ದು, ಮೊಮ್ಮಗನಿಗೂ ಗೊತ್ತಿಲ್ಲ.
ಯಾರು ಹೇಳಿದರು?"

ಬೇರು, ಎಂದೆ.
ಫೋನಿನಲ್ಲಿದ್ದ ಚಿತ್ರ ತೋರಿಸಿದೆ.
ಅಂಟು ಬೆರಳುಗಳಿಂದ ಹಿಗ್ಗಿಸಿ
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಬಹಳ ಹೊತ್ತು ನೋಡಿದಳು.
"ಇಷ್ಟು ಜನ ನನ್ನ ಹೊಲದಲ್ಲಿ ಕೆಲಸಕ್ಕಿದ್ದಾರೆ,
ಒಂದು ದಿನ ಉಂಡಿರಾ ಅಂತ ಕೇಳಲಿಲ್ಲವಲ್ಲ ನಾನು,"
ನಕ್ಕಳು. ನಗು ಕೆಮ್ಮಾಯಿತು.

ಏಳನೆಯ ಸಾಲಿನ ಹಣ್ಣು ಮೂರನೆಯದಕ್ಕಿಂತ
ಒಂದು ಮುಷ್ಟಿ ಕಡಿಮೆ ತೂಗಿತು.
ಅಥವಾ ಅವಳ ತಕ್ಕಡಿಯೇ ಹಾಗೆ.
ಬರುವಾಗ ಎರಡು ಹಣ್ಣು ಚೀಲಕ್ಕೆ ಹಾಕಿದಳು,
ಯಾವ ಸಾಲಿನವು ಎಂದು ಹೇಳಲಿಲ್ಲ.

ಈಗ ರಾತ್ರಿ ಹನ್ನೊಂದು. ಕರೆಂಟು ಹೋಗಿ ಬಂದಿದೆ.
ರಿಜಿಸ್ಟರಿನಲ್ಲಿ ಏಳರ ಎದುರು
ಆರು ಎಂದಿದೆ, ಹುಡುಗನ ದುಂಡು ಅಕ್ಷರದಲ್ಲಿ.
ಹೊಡೆದು ಒಂದು ಎಂದು ಬರೆದರೆ ಪ್ರಯೋಗ ಕೆಡುತ್ತದೆ,
ಅವಳ ಹೆಸರೂ.
ಬಿಟ್ಟರೆ ಬೇರು ಸುಳ್ಳಾಗುತ್ತದೆ.
ಪೆನ್ನಿಗೆ ಶಾಯಿ ತುಂಬುತ್ತಿದ್ದೇನೆ,
ಅದೇ ಸೀಸೆಯಿಂದ.